2013ರ ಹಳೇ 150 ಸಿಸಿ ಬೈಕಿಗೆ 95 ಆಕ್ಟೇನಿನ ಪೆಟ್ರೋಲ್ ಹಾಕಿದ್ರೆ ಪ್ರಯೋಜನ ಉಂಟಾ? ಚಡಾವಿನಲ್ಲಿ ಕಿಣಿಕಿಣಿ ಶಬ್ದ ಬರ್ತದೆ

ಬದಿಯಡ್ಕದವ:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳ್ಲಿಕ್ಕಿತ್ತು, ಗೊತ್ತಿದ್ದವರು ದಯವಿಟ್ಟು ಹೇಳಿ. ನನ್ನ ಹತ್ರ ಇರುವುದು 2013ರ 150 ಸಿಸಿ ಬೈಕು, ಕಾರ್ಬುರೇಟರಿನದ್ದು, ಅಪ್ಪ ತೆಗೆದದ್ದು, ಈಗ ಐದು ವರ್ಷದಿಂದ ನಾನು ಓಡಿಸ್ತಾ ಇದ್ದೇನೆ, 82 ಸಾವಿರ ಕಿಲೋಮೀಟರ್ ಆಗಿದೆ. ದಿನಾ ಬದಿಯಡ್ಕದಿಂದ ಕಾಸರಗೋಡಿಗೆ ಕೆಲಸಕ್ಕೆ ಹೋಗಿ ಬರುವುದು, ಆದಿತ್ಯವಾರ ಮನೆಯವಳನ್ನು ಕೂರಿಸಿಕೊಂಡು ಪೆರ್ಲ ಕಡೆ ಅತ್ತೆ ಮನೆಗೆ ಹೋಗುವುದು, ಹೀಗೆ ತಿಂಗಳಿಗೆ ಸಾವಿರ ಕಿಲೋಮೀಟರ್ ಆಗ್ತದೆ.

ಈಗ ಎರಡು ತಿಂಗಳಿಂದ ಒಂದು ಶಬ್ದ ಶುರುವಾಗಿದೆ. ಸಮ ರಸ್ತೆಯಲ್ಲಿ ಎಂತ ಇಲ್ಲ, ಉಕ್ಕಿನಡ್ಕ ದಾಟಿ ಚಡಾವು ಬಂದ ಕೂಡ್ಲೆ, ಹಿಂದೆ ಜನ ಇದ್ರಂತೂ ಕೇಳುವುದೇ ಬೇಡ, ತಗಡಿನ ಡಬ್ಬಿಗೆ ನಾಲ್ಕು ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಿಣಿಕಿಣಿಕಿಣಿ ಅಂತ ಇಂಜಿನಿನಿಂದ ಬರ್ತದೆ. ಆಕ್ಸಿಲರೇಟರ್ ಸ್ವಲ್ಪ ಬಿಟ್ರೆ ನಿಲ್ತದೆ, ಪುನಃ ಕೊಟ್ರೆ ಪುನಃ ಬರ್ತದೆ. ಪಂಪಿನಲ್ಲಿ ಹೇಳಿದಾಗ ಅಲ್ಲಿಯ ಹುಡುಗ ಅದು ಸಾದಾ ಪೆಟ್ರೋಲ್ ಸರಿ ಹೋಗದ್ದು, 95 ಹಾಕಿ ಅಂದ. ನಮ್ಮಲ್ಲಿ ಲೀಟರಿಗೆ ಎಂಟು ರೂಪಾಯಿ ಜಾಸ್ತಿ. ಎರಡು ಟ್ಯಾಂಕ್ ಹಾಕಿ ನೋಡಿದೆ, ಶಬ್ದ ಕಮ್ಮಿ ಆದದ್ದು ಹೌದು, ಪೂರ್ತಿ ಹೋಗ್ಲಿಲ್ಲ. ಒಬ್ಬ ಗೆಳೆಯ ಹೇಳ್ತಾನೆ 95 ಸಾಲದು, 100 ಆಕ್ಟೇನಿನದ್ದು ಹಾಕು, ಅದರಲ್ಲಿ ಎಥನಾಲ್, ಅಂದ್ರೆ ಪೆಟ್ರೋಲಿಗೆ ಮಿಕ್ಸ್ ಮಾಡುವ ಆಲ್ಕೋಹಾಲ್, ಇಲ್ಲ, ಹಳೇ ಬೈಕಿಗೆ ಅದೇ ಒಳ್ಳೇದು ಅಂತ, ಆದ್ರೆ ಅದಕ್ಕೆ ರೇಟ್ ತುಂಬ ಜಾಸ್ತಿ ಅಂತೆ, ಮತ್ತೆ ಅದು ಇಲ್ಲಿ ಸಿಗುವುದೂ ಇಲ್ಲ. ಅಪ್ಪ ಹೇಳುವುದು ನಾನು ಎಂಟು ವರ್ಷ ಸಾದಾ ಪೆಟ್ರೋಲಿನಲ್ಲೇ ಓಡಿಸಿದ್ದೇನೆ, ಕಿಣಿ ಅಂತ ಒಂದು ಶಬ್ದ ಕೇಳ್ಲಿಲ್ಲ ಅಂತ.

ನನಗೆ ಗೊತ್ತಾಗ್ಬೇಕಾದ್ದು, ಈ 95 ಹಾಕ್ತಾ ಹೋದ್ರೆ ಇಂಜಿನಿಗೆ ನಿಜವಾಗಿ ಒಳ್ಳೇದಾ, ಮೈಲೇಜ್ ಪಿಕಪ್ ಏನಾದ್ರೂ ಸಿಗ್ತದಾ, ಅಥವಾ ಇದು ಬರೀ ದುಡ್ಡು ಹೋಗುವ ದಾರಿಯಾ. ಈ ಬೈಕನ್ನು ಇನ್ನೂ ಹತ್ತು ವರ್ಷ ಇಟ್ಕೊಳ್ಬೇಕು ಅಂತ ನನಗೆ ಆಸೆ ಉಂಟು.

ಉಪ್ಪಳ ರೈಡರ್:

ನಾನು ಮೂರು ವರ್ಷದಿಂದ 95 ಬಿಟ್ಟು ಬೇರೆ ಹಾಕ್ಲಿಲ್ಲ ಬ್ರೋ. ಇಂಜಿನ್ ಸ್ಮೂತ್ ಉಂಟು, ಪಿಕಪ್ ಒಳ್ಳೇದುಂಟು. ಮಂಗಳೂರಿಗೆ ಹೋಗುವವ ಆದ ಕಾರಣ ತಲಪಾಡಿ ದಾಟಿ ಆಚೆ ಹಾಕಿಸ್ತೇನೆ, ಕರ್ನಾಟಕದಲ್ಲಿ ರೇಟ್ ನಮ್ಮಲ್ಲಿಗಿಂತ ಕಮ್ಮಿ. ಹಾಕಿ, ಧೈರ್ಯವಾಗಿ ಹಾಕಿ.

ಮುಳ್ಳೇರಿಯ ಗ್ಯಾರೇಜ್:

ಬದಿಯಡ್ಕದವರೇ, ಸ್ವಲ್ಪ ನಿಲ್ಲಿ. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಾ ಇರುವವ, ನೀವು ಹೇಳಿದ ಶಬ್ದ ನನಗೆ ಇಲ್ಲಿ ಕೂತೇ ಕೇಳ್ತಾ ಉಂಟು. ಅದು ನಾಕಿಂಗ್. ಅದಕ್ಕೆ ಪೆಟ್ರೋಲ್ ಬದಲಿಸುವುದು ಕಡೇ ಕೆಲಸ, ಮೊದಲಿನದ್ದಲ್ಲ.

ಮೊದಲು ಆಕ್ಟೇನ್ ಅಂದ್ರೆ ಎಂತ ಅಂತ ತಿಳ್ಕೊಳ್ಳಿ, ಯಾಕಂದ್ರೆ ಗ್ಯಾರೇಜಿಗೆ ಬರುವ ಹತ್ತರಲ್ಲಿ ಒಂಬತ್ತು ಜನ 95 ಅಂದ್ರೆ ಜೋರು ಪೆಟ್ರೋಲ್, 100 ಅಂದ್ರೆ ಇನ್ನೂ ಜೋರು ಅಂತ ತಿಳ್ಕೊಂಡಿದ್ದಾರೆ. ಆ ನಂಬರಿಗೂ ಪೆಟ್ರೋಲಿನಲ್ಲಿರುವ ಶಕ್ತಿಗೂ ಸಂಬಂಧ ಇಲ್ಲ. ಪೆಟ್ರೋಲನ್ನು ಗಾಳಿ ಜೊತೆ ಹಿಂಡಿದಾಗ ಅದು ಪ್ಲಗ್ಗಿನ ಕಿಡಿ ಬರುವವರೆಗೆ ಎಷ್ಟು ತಡ್ಕೊಳ್ತದೆ, ತಾನಾಗಿ ಹೊತ್ತಿಕೊಳ್ಳದೆ ಎಷ್ಟು ಹೊತ್ತು ಇರ್ತದೆ ಅನ್ನುವುದರ ಅಳತೆ ಅದು. ಪಿಸ್ಟನ್ ಮೇಲೆ ಬರ್ತದೆ, ಮೇಲಿನ ತುದಿ ಮುಟ್ಟುವ ಸ್ವಲ್ಪ ಮೊದಲೇ ಪ್ಲಗ್ ಕಿಡಿ ಕೊಡ್ತದೆ, ಬೆಂಕಿ ಪ್ಲಗ್ಗಿನ ಹತ್ರದಿಂದ ಶುರುವಾಗಿ ಕ್ರಮದಲ್ಲಿ ಆಚೆ ಬದಿಗೆ ಹರಡ್ಬೇಕು. ಹಾಗೆ ಹರಡುವ ಮೊದಲೇ ಆಚೆ ಮೂಲೆಯಲ್ಲಿ ಉಳಿದ ಪೆಟ್ರೋಲ್ ಗಾಳಿಯ ಮಿಕ್ಸ್ಚರ್ ಬಿಸಿಗೂ ಒತ್ತಡಕ್ಕೂ ತನ್ನಷ್ಟಕ್ಕೆ ಢಂ ಅಂತ ಹೊತ್ತಿಕೊಂಡ್ರೆ ಆ ಪೆಟ್ಟು ಸಿಲಿಂಡರಿನ ಗೋಡೆಗೆ ಬೀಳ್ತದೆ. ನಿಮಗೆ ಕೇಳುವ ಕಿಣಿಕಿಣಿ ಅದೇ. ತುಂಬ ಸಮಯ ಹಾಗೇ ಓಡಿಸಿದ್ರೆ ಪಿಸ್ಟನಿನ ತಲೆ ತಿಂದು ಹೋಗ್ತದೆ, ರಿಂಗ್ ಸೀಳ್ತದೆ, ಆದ ಕಾರಣ ಶಬ್ದ ಬರುವುದನ್ನು ಸಣ್ಣದು ಅಂತ ಬಿಡ್ಬೇಡಿ.

ಹಿಂಡುವುದು ಎಷ್ಟು ಅನ್ನುವುದಕ್ಕೆ ಕಂಪ್ರೆಷನ್ ರೇಶಿಯೋ ಅಂತ ಹೇಳ್ತಾರೆ. ಸ್ಪ್ಲೆಂಡರಿಗೆ 9.9, ಈಗಿನ ಕ್ಲಾಸಿಕ್ 350ಗೆ 9.5, ಆರ್15ಕ್ಕೆ 11.6. ನಿಮ್ಮ ಬೈಕಿನ ಮ್ಯಾನುಯಲ್ ಇದ್ರೆ ತೆಗೆದು ನೋಡಿ, ಒಂಬತ್ತು ಒಂಬತ್ತೂವರೆಯ ಆಸುಪಾಸಿನಲ್ಲಿ ಇರ್ಬೇಕು. ಅಂಥ ಇಂಜಿನಿಗೆ 91 ಆಕ್ಟೇನ್ ಇದ್ರೆ ಧಾರಾಳ ಸಾಕು, ಅಷ್ಟು ಸಾದಾ ಪೆಟ್ರೋಲಿನಲ್ಲೇ ಉಂಟು. ನಿಮ್ಮ ಅಪ್ಪ ಹೇಳಿದ್ದೇ ಅದಕ್ಕೆ ಸಾಕ್ಷಿ, ಎಂಟು ವರ್ಷ ಬಾರದ ಶಬ್ದ ಈಗ ಬಂದಿದೆ ಅಂದ್ರೆ ಇಂಜಿನಿನಲ್ಲಿ ಎಂತದೋ ಬದಲಾಗಿದೆ. ಆ ಬದಲಾದ್ದನ್ನು ಹುಡುಕ್ಬೇಕು. ಈಗ 95 ಹಾಕಿ ಶಬ್ದ ಕಮ್ಮಿ ಮಾಡುವುದು ಅಂದ್ರೆ ಮಾಡು ಸೋರುವಾಗ ಅಡಿಗೆ ಬಾಲ್ದಿ ಇಟ್ಟ ಹಾಗೆ, ನೆಲ ಒದ್ದೆ ಆಗುವುದಿಲ್ಲ ಅಷ್ಟೇ, ಮೇಲೆ ಹಂಚು ಒಡೆದದ್ದು ಹಾಗೇ ಇರ್ತದೆ.

ಎಂತೆಲ್ಲ ಆಗಿರ್ಬಹುದು ಅಂದ್ರೆ, ಒಂದು ನೀವು ಚಡಾವಿನಲ್ಲಿ ಟಾಪ್ ಗೇರಿನಲ್ಲೇ ಎಳೆಸ್ತಾ ಇರ್ಬಹುದು, ಇಂಜಿನ್ ನಿಧಾನ ತಿರುಗುವಾಗ ಆಕ್ಸಿಲರೇಟರ್ ಪೂರ್ತಿ ಕೊಟ್ರೆ ಒಳ್ಳೇ ಇಂಜಿನೂ ಬಡಿತದೆ, ಒಂದು ಗೇರ್ ಕಮ್ಮಿ ಮಾಡಿ ನೋಡಿ. ಇನ್ನೊಂದು 82 ಸಾವಿರ ಅಂದ್ರೆ ಪಿಸ್ಟನ್ ಮೇಲೆ ಹೆಡ್ಡಿನ ಒಳಗೆ ಕರಿ ಕಟ್ಟಿರ್ತದೆ, ಕರಿ ಕಟ್ಟಿದಷ್ಟು ಜಾಗ ಸಣ್ಣ ಆಗಿ ಕಂಪ್ರೆಷನ್ ಏರ್ತದೆ, ಅದೇ ಕರಿ ಕೆಂಡದ ಹಾಗೆ ಕಾದು ಕೂತ್ಕೊಳ್ತದೆ. ಪ್ಲಗ್ ಯಾವುದು ಹಾಕಿದ್ದಾರೆ ಅಂತಲೂ ನೋಡ್ಬೇಕು, ಸಿಕ್ಕಿದ ಪ್ಲಗ್ ತಿರುಪಿ ಕಳಿಸುವವರು ತುಂಬ ಜನ ಇದ್ದಾರೆ.

ಆದ್ರೆ ನನಗೆ ಜಾಸ್ತಿ ಸಂಶಯ ಇರುವುದು ಮಿಕ್ಸ್ಚರ್ ಲೀನ್ ಆಗಿರುವುದರ ಮೇಲೆ, ಅಂದ್ರೆ ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ. ಪೆಟ್ರೋಲ್ ಸರಿಯಾಗಿ ಉರಿಯಲಿಕ್ಕೆ ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ ಒಂಬತ್ತು ಪಾಲು ಸಾಕು. ಈಗ ಬರುವ ಇ20ಯಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್, ಅದಕ್ಕೆ ಹದಿಮೂರೂವರೆಯ ಹತ್ರ ಸಾಕಾಗ್ತದೆ. ಇಂಜೆಕ್ಷನ್ ಬೈಕಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಜಾಸ್ತಿ ಬಿಡ್ತದೆ, ಕಾರ್ಬುರೇಟರಿಗೆ ಕಣ್ಣಿಲ್ಲ, ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಎಷ್ಟೋ ಅಷ್ಟೇ. 2013ರಲ್ಲಿ ಸೆಟ್ ಮಾಡಿದ ಕಾರ್ಬು ಇವತ್ತಿನ ಪೆಟ್ರೋಲಿಗೆ ಸ್ವಲ್ಪ ಲೀನ್ ಓಡ್ತದೆ. ಅದು ಸ್ವಲ್ಪವೇ, ಅದರಿಂದಲೇ ಇಷ್ಟು ಶಬ್ದ ಬರ್ಲಿಕ್ಕಿಲ್ಲ, ಎಥನಾಲಿಗೆ ನಾಕಿಂಗ್ ತಡೆಯುವ ಗುಣವೂ ಉಂಟಲ್ಲ. ಅದರ ಮೇಲೆ ಎಲ್ಲಿಯೋ ಕಳ್ಳ ಗಾಳಿ ಒಳಗೆ ಹೋಗ್ತಾ ಇದ್ರೆ ಆಗ ಕೆಲಸ ಕೆಡ್ತದೆ. ಕಾರ್ಬಿಗೂ ಇಂಜಿನಿಗೂ ನಡುವೆ ಒಂದು ರಬ್ಬರ್ ಬೂಟ್ ಉಂಟು ನೋಡಿ, ಅದನ್ನು ಬೆರಳಿನಲ್ಲಿ ಬಗ್ಗಿಸಿ ನೋಡಿ. ಹನ್ನೆರಡು ಹದಿಮೂರು ವರ್ಷದ ರಬ್ಬರ್ ಬಿರುಕು ಬಿಡದೆ ಇರುವುದು ಕಷ್ಟ.

ಚಡಾವಿನ ಶಬ್ದ, ಹಿಂದೆ ಜನ ಇದ್ರೆ ಜಾಸ್ತಿ, ಆಕ್ಸಿಲರೇಟರ್ ಬಿಟ್ರೆ ನಿಲ್ತದೆ, ಇದೆಲ್ಲ ಸರಿ ಹೊಂದ್ತದೆ. ಇನ್ನೊಂದು ಹೇಳಿ, ಬೆಳಿಗ್ಗೆ ಚೋಕ್ ಹಾಕದೆ ಸ್ಟಾರ್ಟ್ ಆಗುವುದಿಲ್ವಾ? ಆಕ್ಸಿಲರೇಟರ್ ಕೊಡದೆ ನಿಂತಾಗ ಇಂಜಿನಿನ ಐಡಲ್ ವೇಗ ಒಮ್ಮೊಮ್ಮೆ ತಾನಾಗಿ ಏರ್ತದಾ? ಸೈಲೆನ್ಸರಿನಲ್ಲಿ ಪಟ್ ಪಟ್ ಅಂತ ಬರ್ತದಾ?

ಹೊಸೂರು 155:

ನಾನು ಹೊಸೂರಿಂದ ಬರೀತಿದ್ದೀನಿ. ಗ್ಯಾರೇಜ್ ಅಣ್ಣ ಹೇಳಿದ್ದು ಸರಿ, ಆದರೆ ಒಂದು ಸೇರಿಸ್ತೀನಿ, ಯಾಕಂದ್ರೆ ಈ ತರ ಚರ್ಚೆ ಓದಿ ಎಲ್ಲರೂ 95 ವೇಸ್ಟ್ ಅಂತ ಅಂದ್ಕೊಂಡು ಬಿಡ್ತಾರೆ. ನನ್ನ ಬೈಕು 11.6 ಕಂಪ್ರೆಷನ್ನಿನ 155 ಸಿಸಿ. ದಿನಾ ಅತ್ತಿಬೆಲೆ ದಾಟಿ ಬೊಮ್ಮಸಂದ್ರಕ್ಕೆ ಕೆಲಸಕ್ಕೆ ಹೋಗ್ತೀನಿ. ಏಪ್ರಿಲ್ ಮೇನಲ್ಲಿ ಮಧ್ಯಾಹ್ನ ಶಿಫ್ಟ್ ಇದ್ದಾಗ ಅತ್ತಿಬೆಲೆ ಟ್ರಾಫಿಕ್ಕಲ್ಲಿ ನಿಂತು ನಿಂತು ಇಂಜಿನ್ ಕಾದು, ಆಮೇಲೆ ಫ್ಲೈಓವರ್ ಹತ್ತಿಸಬೇಕಾದರೆ ಸಾದಾ ಪೆಟ್ರೋಲಲ್ಲಿ ಸಣ್ಣಗೆ ಬಡಿತ ಕೇಳಿಸ್ತಿತ್ತು, 95 ಹಾಕಿದ ಮೇಲೆ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ 95 ಹಾಕಿಸ್ತೀನಿ, ಮಳೆಗಾಲ ಬಂದ ಮೇಲೆ ಸಾದಾನೇ. ಅದರಿಂದ ಸ್ಪೀಡ್ ಏನೂ ಜಾಸ್ತಿ ಆಗಿಲ್ಲ, ಮೈಲೇಜೂ ಆಗಿಲ್ಲ, ಬಡಿತ ನಿಂತಿದೆ ಅಷ್ಟೆ, ನನಗೆ ಬೇಕಾಗಿದ್ದೂ ಅಷ್ಟೆ.

ಉಪ್ಪಳದವರು ಪಿಕಪ್ ಜಾಸ್ತಿ ಅಂದ್ರಲ್ಲ, ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತೆ, ಒಳ್ಳೇ ಪೆಟ್ರೋಲ್ ಹಾಕಿದರೆ ಕಂಪ್ಯೂಟರ್ ಕಿಡಿಯನ್ನ ಇನ್ನೂ ಮುಂಚೆ ಕೊಟ್ಟು ಸ್ವಲ್ಪ ಶಕ್ತಿ ತೆಗೀಬಹುದು. ನಮ್ಮ ಕಡಿಮೆ ಸಿಸಿ ಬೈಕುಗಳಲ್ಲಿ ಆ ಸೆನ್ಸರ್ ಸಾಮಾನ್ಯವಾಗಿ ಇರೋದೇ ಇಲ್ಲ. ಪೆಟ್ರೋಲ್ ಬದಲಾಗಿದ್ದು ಇಂಜಿನ್ನಿಗೆ ಗೊತ್ತೇ ಆಗಲ್ಲ, ಟೈಮಿಂಗ್ ಇದ್ದ ಹಾಗೇ ಇರುತ್ತೆ. 100 ಆಕ್ಟೇನ್ ಅಂತೂ 150 ಸಿಸಿ ಕಮ್ಯೂಟರ್‌ಗೆ ಮೂಗಿಗಿಂತ ಮೂಗುತ್ತಿ ಭಾರ.

ಬದಿಯಡ್ಕದವ:

ಗ್ಯಾರೇಜ್ ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ, ತುಂಬ ಉಪಕಾರ. ನೀವು ಕೇಳಿದ ಮೂರೂ ಉಂಟು! ಬೆಳಿಗ್ಗೆ ಚೋಕ್ ಹಾಕದೆ ಸ್ಟಾರ್ಟ್ ಆಗುವುದಿಲ್ಲ, ಮೊದಲು ಮಳೆಗಾಲದಲ್ಲೂ ಚೋಕ್ ಬೇಕಾಗ್ತಿರ್ಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಐಡಲ್ ಒಮ್ಮೆ ಏರ್ತದೆ, ಒಮ್ಮೆ ಬೀಳ್ತದೆ. ಇಳಿಜಾರಿನಲ್ಲಿ ಪಟಪಟ ಬರ್ತದೆ. ಇದೆಲ್ಲ ಬೇರೆ ಬೇರೆ ತೊಂದರೆ ಅಂತ ನಾನು ತಿಳ್ಕೊಂಡದ್ದು.

ಮ್ಯಾನುಯಲ್ ಸಿಕ್ತು, ಕಂಪ್ರೆಷನ್ 9.5, ಪೆಟ್ರೋಲ್ ಅನ್ಲೆಡೆಡ್, ಅಂದ್ರೆ ಸೀಸ ಇಲ್ಲದ್ದು, ಸಾಕು ಅಂತ ಉಂಟು. ಇನ್ನೊಂದು ಸಂಗತಿ, ಪಂಪಿನಲ್ಲಿ 95ರ ಗುಣ ಹೇಳುವ ಕಾಗದ ಕೊಟ್ಟಿದ್ರು, ಪೂರ್ತಿ ಮಲಯಾಳದಲ್ಲಿ. ನನಗೆ ಓದ್ಲಿಕ್ಕೆ ಬರ್ತದೆ, ಅಪ್ಪನಿಗೆ ಬರುವುದಿಲ್ಲ, ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ರು. ಇ20 ಅಂದ್ರೆ ಎಂತ ಅಂತ ನಮ್ಮ ಊರಿನ ಹಿರಿಯರಿಗೆ ಕನ್ನಡದಲ್ಲಿ ಹೇಳುವವರು ಯಾರೂ ಇಲ್ಲ, ಇದು ಬೇಸರದ ವಿಷಯ.

ಒಂದು ಸಂಶಯ, 95ರಲ್ಲಿ ಎಥನಾಲ್ ಇಲ್ಲ ಅಲ್ವಾ? ಹಳೇ ಬೈಕಿಗೆ ಎಥನಾಲ್ ತಪ್ಪಿಸ್ಲಿಕ್ಕೆ ಆದ್ರೂ 95 ಹಾಕ್ಬಹುದಾ?

ನೀರ್ಚಾಲು ಮಾಷ್ಟ್ರು:

ನಾನು ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುವವ, ಬೈಕಿನ ಬಗ್ಗೆ ಗ್ಯಾರೇಜಿನವರಷ್ಟು ಗೊತ್ತಿಲ್ಲ, ಆದ್ರೆ ಈ ಕಡೆಯ ಪ್ರಶ್ನೆಗೆ ಉತ್ತರ ಕೊಡಬಲ್ಲೆ, ಯಾಕಂದ್ರೆ ನಾನೇ ಮಾಡಿ ನೋಡಿದ್ದೇನೆ. ನೂರು ಎಂಎಲ್‌ನ ಗಾಜಿನ ಅಳತೆ ಸಿಲಿಂಡರಿಗೆ ಹತ್ತು ಎಂಎಲ್ ನೀರು ಹಾಕಿದೆ, ಮೇಲೆ ತೊಂಬತ್ತು ಎಂಎಲ್ ಪೆಟ್ರೋಲ್. ಬಾಯಿ ಮುಚ್ಚಿ ಅಲ್ಲಾಡಿಸಿ, ನಡುನಡುವೆ ಗಾಳಿ ಬಿಟ್ಟು, ಹತ್ತು ನಿಮಿಷ ನಿಲ್ಲಿಸಿದೆ. ಪೆಟ್ರೋಲಿಗೂ ನೀರಿಗೂ ಆಗಿ ಬರುವುದಿಲ್ಲ, ಎಥನಾಲಿಗೆ ನೀರು ಅಂದ್ರೆ ಪ್ರಾಣ, ಪೆಟ್ರೋಲನ್ನು ಬಿಟ್ಟು ಕೆಳಗೆ ನೀರಿನ ಜೊತೆ ಹೋಗಿ ಸೇರ್ತದೆ. ಹತ್ತರ ಗೆರೆಯಲ್ಲಿದ್ದ ಕೆಳಗಿನ ಪದರ ಇಪ್ಪತ್ತೈದು ದಾಟಿ ನಿಂತಿತು. ಸಾದಾದ್ದರಲ್ಲೂ ಹಾಗೇ, 95ರಲ್ಲೂ ಹೆಚ್ಚು ಕಡಿಮೆ ಅಲ್ಲಿಗೇ. ಅಂದ್ರೆ ಎಥನಾಲ್ ಎರಡರಲ್ಲೂ ಉಂಟು. ಎಥನಾಲ್ ತಪ್ಪಿಸ್ಲಿಕ್ಕೆ 95 ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಥನಾಲ್ ಇಲ್ಲದ್ದು ಬೇಕಾದ್ರೆ 100ರ ಪೆಟ್ರೋಲೇ ಆಗ್ಬೇಕು. ಈ ಪ್ರಯೋಗವನ್ನು ಮನೆ ಒಳಗೆ ಮಾಡ್ಬೇಡಿ, ಅಂಗಳದಲ್ಲಿ, ಬೆಂಕಿ ಹತ್ತಿರ ಇಲ್ಲದ ಹಾಗೆ, ಮಕ್ಕಳನ್ನು ದೂರ ಇಟ್ಟು ಮಾಡಿ.

ಇದರಲ್ಲಿ ನಮ್ಮ ಊರಿನವರು ಗಮನಿಸ್ಬೇಕಾದ್ದು ಇನ್ನೊಂದುಂಟು. ಎಥನಾಲ್ ಗಾಳಿಯ ತೇವವನ್ನೂ ಎಳ್ಕೊಳ್ತದೆ. ಕಾಸರಗೋಡಿನ ಮಳೆಗಾಲದಲ್ಲಿ, ಬಟ್ಟೆ ಒಂದು ವಾರ ಒಣಗದ ಜೂನ್ ಜುಲೈಯಲ್ಲಿ, ಅರ್ಧ ಖಾಲಿ ಟ್ಯಾಂಕಿನ ಬೈಕನ್ನು ಹದಿನೈದು ಇಪ್ಪತ್ತು ದಿನ ಹಾಗೇ ನಿಲ್ಲಿಸಿದ್ರೆ ಒಳಗೆ ನೀರು ಸೇರ್ಲಿಕ್ಕೆ ಸಾಕಷ್ಟು ದಾರಿ ಉಂಟು. ಮುಚ್ಚಳದ ರಬ್ಬರ್ ಹಳತಾಗಿದ್ರೆ ಮಳೆ ನೀರೇ ಇಳಿತದೆ. ಸ್ವಲ್ಪ ನೀರನ್ನು ಎಥನಾಲ್ ಹಿಡಿದಿಟ್ಕೊಳ್ತದೆ, ಮಿತಿ ಮೀರಿದ್ರೆ ಎರಡೂ ಕೂಡಿ ಟ್ಯಾಂಕಿನ ಅಡಿಗೆ ಇಳಿತದೆ, ಅಲ್ಲಿಂದಲೇ ಪೆಟ್ರೋಲ್ ಕಾರ್ಬಿಗೆ ಹೋಗುವುದು. ಮೇಲೆ ಉಳಿದ ಪೆಟ್ರೋಲಿನಿಂದ ಎಥನಾಲ್ ಹೋದ ಕಾರಣ ಅದರ ಆಕ್ಟೇನೂ ಇಳಿತದೆ, ಅಂದ್ರೆ ದುಡ್ಡು ಕೊಟ್ಟು ತಂದ 95 ಟ್ಯಾಂಕಿನಲ್ಲಿ 95 ಆಗಿ ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಇದು ಬೈಕಿನಲ್ಲಿ ಅಲ್ಲ, ಅಡಿಕೆಗೆ ಮದ್ದು ಬಿಡುವ ಪಂಪಿನಲ್ಲಿ ಆದದ್ದು. ಮೊದಲನೇ ಮದ್ದು ಬಿಟ್ಟು ಮಳೆ ಹಿಡಿದ ಕಾರಣ ಒಂದೂವರೆ ತಿಂಗಳು ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಇತ್ತು. ಎರಡನೇ ಮದ್ದಿಗೆ ಜನ ಬಂದು ನಿಂತಿದ್ದಾರೆ, ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಟ್ಯಾಂಕ್ ಬಿಚ್ಚಿ ಬಾಟ್ಲಿಗೆ ಸುರಿದ್ರೆ ಕೆಳಗೆ ಮೂರು ಬೆರಳು ದಪ್ಪಕ್ಕೆ ಮಸುಕಾದ ನೀರಿನ ಹಾಗಿನದ್ದು, ಮೇಲೆ ಪೆಟ್ರೋಲ್, ನಡುವೆ ಗೆರೆ ಎಳೆದ ಹಾಗೆ. ಅವತ್ತು ಒಂದು ದಿನದ ಕೆಲಸ ಹೋಯ್ತು, ಮಳೆ ಬಿಟ್ಟ ದಿನವೂ ಹೋಯ್ತು, ಕೊಳೆರೋಗಕ್ಕೆ ಆ ಒಂದು ದಿನದ ಬೆಲೆ ಎಂತ ಅಂತ ತೋಟ ಇದ್ದವರಿಗೆ ಗೊತ್ತು. ಅಂದಿನಿಂದ ಕೆಲಸ ಮುಗಿದ ಕೂಡ್ಲೆ ಪೆಟ್ರೋಲ್ ಪೂರ್ತಿ ತೆಗೆದು ಕಾರ್ಬು ಖಾಲಿ ಆಗುವವರೆಗೆ ಓಡಿಸಿ ಇಡ್ತೇವೆ.

ಮೈಲೇಜ್ ಬಗ್ಗೆ ಒಂದು ಮಾತು. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ ಶಕ್ತಿ ಇರುವುದು. ನೀತಿ ಆಯೋಗದ 2021ರ ವರದಿಯಲ್ಲೇ ಇ20 ಹಾಕಿದ್ರೆ ಹಳೇ ದ್ವಿಚಕ್ರ ವಾಹನಗಳ ಮೈಲೇಜ್ ನೂರಕ್ಕೆ ಮೂರರಿಂದ ನಾಲ್ಕರಷ್ಟು ಇಳಿಯಬಹುದು ಅಂತ ಅಂದಾಜು ಕೊಟ್ಟಿದ್ದಾರೆ. ನಲವತ್ತೈದು ಕೊಡುವ ಬೈಕಿಗೆ ಒಂದೂವರೆ ಎರಡು ಕಿಲೋಮೀಟರ್. 95 ಹಾಕಿದ್ರೆ ಇದು ವಾಪಸ್ ಬರ್ತದಾ ಅಂತ ನಾನು ಆರು ತಿಂಗಳು ಡೈರಿಯಲ್ಲಿ ಬರೆದಿಟ್ಟೆ, ಒಂದೇ ಪಂಪ್, ಸೆಂಟರ್ ಸ್ಟ್ಯಾಂಡ್ ಹಾಕಿ ಬಾಯಿವರೆಗೆ ತುಂಬಿಸಿ. ಸಾದಾ ಪೆಟ್ರೋಲಿನಲ್ಲೇ ಒಂದು ಟ್ಯಾಂಕಿಗೂ ಇನ್ನೊಂದಕ್ಕೂ ಅಷ್ಟೇ ವ್ಯತ್ಯಾಸ ಬರ್ತದೆ, ಗಾಳಿ ಬೀಸಿದ್ರೆ, ಟಯರಿನಲ್ಲಿ ಗಾಳಿ ಕಮ್ಮಿ ಇದ್ರೆ, ಹೈವೇ ಕೆಲಸದಲ್ಲಿ ನಿಂತು ಹೋದ್ರೆ. ಅದರ ಮೇಲೆ 95ರ ಲಾಭ ಅಂತ ಬೇರೆ ಎತ್ತಿ ತೋರಿಸ್ಲಿಕ್ಕೆ ನನಗೆ ಎಂತದೂ ಸಿಗ್ಲಿಲ್ಲ. ಒಂದು ಟ್ಯಾಂಕ್ ಹಾಕಿ ಮೂರು ಕಿಲೋಮೀಟರ್ ಜಾಸ್ತಿ ಸಿಕ್ತು ಅಂತ ಹೇಳುವವರು ದಯಮಾಡಿ ಹತ್ತು ಟ್ಯಾಂಕ್ ಬರೆದಿಟ್ಟು ಆಮೇಲೆ ಹೇಳಿ.

ಅಕ್ಕಲಕೋಟಿ ಹುಡುಗ:

ನಮಸ್ಕಾರ್ರೀ ಎಲ್ಲಾರಿಗೂ. ನಾ ಸೊಲ್ಲಾಪುರ ಜಿಲ್ಲಾ ಅಕ್ಕಲಕೋಟ ತಾಲೂಕಿನಾಂವ. ಎಲ್ಲಾರೂ ಎಥನಾಲ್ ಕೆಟ್ಟದು ಕೆಟ್ಟದು ಅಂತ ಬರದ್ರ ನಮಗ ಬ್ಯಾಸರ ಆಗ್ತೈತ್ರಿ. ನಮ್ಮ ಜಿಲ್ಲಾದಾಗ ಸಕ್ರಿ ಫ್ಯಾಕ್ಟರಿ ಎಷ್ಟದಾವ ಅಂದ್ರ ದಾರಿ ಹಿಡದು ಹ್ವಾದಲ್ಲೆಲ್ಲಾ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರ್ತಾವ, ಎಥನಾಲ್ ಮಾಡಾಕ ಹತ್ತಿದ ಮ್ಯಾಲ ಫ್ಯಾಕ್ಟರಿಯವ್ರ ಕೈಯಾಗ ಒಂದೀಟು ರೊಕ್ಕ ಆಡಾಕತ್ತೈತಿ, ನಮ್ಮ ಕಬ್ಬಿನ ಬಿಲ್ಲೂ ಅದರ ಮ್ಯಾಲ ನಿಂತೈತಿ. 2023ರ ಏಪ್ರಿಲ್ ಆದ ಮ್ಯಾಲ ಬಂದ ಹೊಸ ಗಾಡಿಗೆ ಇ20 ತಡಕೊಳ್ಳು ಪೈಪು ವಾಶರ್ ಹಾಕೇ ಬಿಡ್ತಾರ. ನಂದು 2024ರದ್ದು, ಇಲ್ಲಿ ಬ್ಯಾಸಗ್ಯಾಗ ನಲವತ್ತೆರಡು ನಲವತ್ಮೂರು ಡಿಗ್ರಿ ಬಿಸಲು, ಅಂಥಾದ್ರಾಗ ಸಾದಾ ಪೆಟ್ರೋಲ್ ಹಾಕಿ ಓಡಿಸೇನಿ, ಒಂದು ದಿನ ಬಡದಿಲ್ಲ. ಹಳೇ ಗಾಡಿಯವ್ರು ರಬ್ಬರ್ ಸಾಮಾನು ಬದಲ್ ಮಾಡಿಕೋರಿ, ಪೆಟ್ರೋಲಿಗೆ ಬೈಬ್ಯಾಡ್ರಿ.

ಮುಳ್ಳೇರಿಯ ಗ್ಯಾರೇಜ್:

ಅಕ್ಕಲಕೋಟೆಯವರ ಮಾತು ಒಪ್ಪುವಂಥದ್ದೇ. ಹೊಸ ಬೈಕಿನವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇ ಬೇಡ. ಹಳತಕ್ಕೆ ಪೆಟ್ರೋಲ್ ಪೈಪ್, ಕಾರ್ಬಿನ ಓ ರಿಂಗ್, ಫ್ಲೋಟ್ ನೀಡಲ್, ಟ್ಯಾಂಕ್ ಮುಚ್ಚಳದ ರಬ್ಬರ್, ಕಾಕಿನ ವಾಶರ್, ಇಷ್ಟು ಬದಲಿಸಿದ್ರೆ ನಿಶ್ಚಿಂತೆ. ಬದಿಯಡ್ಕದವರೇ, ಲೀಟರಿಗೆ ಎಂಟು ರೂಪಾಯಿ, ತಿಂಗಳಿಗೆ ಇಪ್ಪತ್ತೆರಡು ಲೀಟರ್ ಅಂತ ಹಿಡಿದ್ರೆ 176 ರೂಪಾಯಿ, ವರ್ಷಕ್ಕೆ ಎರಡು ಸಾವಿರ ದಾಟಿತು. ಆ ಎರಡು ಸಾವಿರದಲ್ಲಿ ಈ ರಬ್ಬರ್ ಸಾಮಾನು ಎಲ್ಲ ಬಂದು ಕಾರ್ಬು ತೊಳೆಸಿದ ಮಜೂರಿಯೂ ಹುಟ್ತದೆ. 95ರಲ್ಲಿ ಕ್ಲೀನ್ ಮಾಡುವ ಅಡಿಟಿವ್ ಇರುವುದು ಸುಳ್ಳಲ್ಲ, ಇಂಜೆಕ್ಷನ್ ಬೈಕಿನವರು ಆಗಾಗ ಒಂದು ಟ್ಯಾಂಕ್ ಹಾಕಿದ್ರೆ ನಾನು ಬೇಡ ಹೇಳುವುದಿಲ್ಲ. ಆದ್ರೆ ವ್ಯಾಪಾರ ಕಮ್ಮಿ ಇರುವ ಒಳ ರಸ್ತೆಯ ಪಂಪಿನಲ್ಲಿ 95 ಹಾಕ್ಬೇಡಿ, ಅಲ್ಲಿ ಅದು ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ದಿನ ಕೂತಿರ್ತದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ, ದಿನಾ ಲೋಡ್ ಖಾಲಿ ಆಗುವ ಪಂಪಿನ ಸಾದಾ ಪೆಟ್ರೋಲ್ ಅದಕ್ಕಿಂತ ಉತ್ತಮ. ಪೆಟ್ರೋಲಿನ ಮೇಲೆ ಸಂಶಯ ಬಂದ್ರೆ ಹನಿ ಬಿಟ್ಟು ಕಲೆ ಉಳಿತದಾ ಅಂತ ನೋಡುವ ಫಿಲ್ಟರ್ ಪೇಪರ್ ಕೇಳಿ, ಅಳತೆ ಮೇಲೆ ಸಂಶಯ ಬಂದ್ರೆ ಸೀಲ್ ಹಾಕಿದ ಐದು ಲೀಟರಿನ ಪಾತ್ರೆಯಲ್ಲಿ ಹಿಡಿದು ತೋರಿಸ್ಲಿಕ್ಕೆ ಹೇಳಿ. ಎರಡೂ ಪಂಪಿನಲ್ಲಿ ಇರ್ಲೇಬೇಕು, ಕೇಳುವ ಹಕ್ಕು ನಮಗುಂಟು, ನಾಚ್ಬೇಡಿ.

ಶನಿವಾರ ಬರ್ಲಿಕ್ಕೆ ಆಗ್ತದಾದ್ರೆ ಬನ್ನಿ, ಎದುರಿನಲ್ಲೇ ನೋಡುವ. ಬರುವ ಹಿಂದಿನ ದಿನ 95 ಹಾಕ್ಬೇಡಿ, ಶಬ್ದ ಇದ್ದ ಹಾಗೇ ಇರ್ಲಿ.

ಬದಿಯಡ್ಕದವ:

ಎಂಟು ದಿನ ಬಿಟ್ಟು ಬರೀತಾ ಇದ್ದೇನೆ, ಆದದ್ದನ್ನು ಹೇಳಿ ಬಿಡ್ತೇನೆ, ನನ್ನ ಹಾಗೆ ಹುಡುಕಿಕೊಂಡು ಬಂದವರಿಗೆ ಸಿಗ್ಲಿ ಅಂತ.

ಶನಿವಾರ ಮುಳ್ಳೇರಿಯಕ್ಕೆ ಹೋದೆ. ಅಣ್ಣ ಮೊದಲು ಬೈಕನ್ನು ಬಿಚ್ಚಲೇ ಇಲ್ಲ. ಐಡಲಿನಲ್ಲಿ ನಿಲ್ಲಿಸಿ, ಕಾರ್ಬು ಕ್ಲೀನರಿನ ಸ್ಪ್ರೇ ತೆಗೆದು, ಇಂಜಿನ್ ಇನ್ನೂ ತಣ್ಣಗಿರುವಾಗಲೇ ಆ ರಬ್ಬರ್ ಬೂಟಿನ ಸುತ್ತ ಸ್ವಲ್ಪ ಸ್ವಲ್ಪ ಬಿಟ್ರು. ಮೇಲಿನ ಬದಿಗೆ ಬಿಟ್ಟಾಗ ಎಂತ ಆಗ್ಲಿಲ್ಲ. ಅಡಿ ಬದಿಗೆ ನಳಿಗೆ ಹಿಡಿದು ಒತ್ತಿದ ಕೂಡ್ಲೆ ಇಂಜಿನಿನ ಶಬ್ದವೇ ಬದಲಾಗಿ ರೇಸ್ ಆದ ಹಾಗೆ ಏರಿತು, ಕೈ ತೆಗೆದ ಕೂಡ್ಲೆ ಇಳಿಯಿತು. ನೋಡಿ, ಇಲ್ಲಿಂದ ಎಳೀತಾ ಉಂಟು ಅಂದ್ರು. ಬೂಟ್ ಬಿಚ್ಚಿ ನನ್ನ ಕೈಗೆ ಕೊಟ್ರು, ಹೊರಗಿನಿಂದ ನೋಡಿದ್ರೆ ಸರಿಯಾಗಿಯೇ ಉಂಟು, ಬೆರಳಿನಲ್ಲಿ ಬಗ್ಗಿಸಿದಾಗ ಅಡಿಯಲ್ಲಿ ಅರ್ಧ ಸುತ್ತಿಗೆ ಬಿರುಕು ಬಾಯಿ ಬಿಟ್ಟಿತು, ಆಚೆಯ ಬೆಳಕು ಕಾಣುವಷ್ಟು. ಕಾರ್ಬಿನ ಬೌಲ್ ಬಿಚ್ಚಿದಾಗ ಅಡಿಯಲ್ಲಿ ನಾಲ್ಕು ಹನಿ ನೀರು ಮುತ್ತಿನ ಹಾಗೆ ಉರುಳ್ತಾ ಇತ್ತು, ಸುತ್ತ ಬಿಳಿ ಪುಡಿ ಹಿಡಿದಿತ್ತು, ಮೈನ್ ಜೆಟ್ ಅರ್ಧ ಮುಚ್ಚಿತ್ತು. ಪೆಟ್ರೋಲ್ ಪೈಪು ಕೊರಡಿನ ಹಾಗೆ ಗಟ್ಟಿ, ಎಳೆದಾಗ ತುದಿ ತುಂಡಾಗಿ ಕೈಯಲ್ಲಿ ಬಂತು. ಪ್ಲಗ್ ತೆಗೆದ್ರೆ ಸುಣ್ಣ ಬಳಿದ ಹಾಗೆ ಬಿಳಿ. ಲೀನ್ ಓಡಿದ್ರೆ ಹೀಗೆ ಆಗ್ತದೆ, ಕಾಫಿ ಪುಡಿಯ ಬಣ್ಣ ಇರ್ಬೇಕಿತ್ತು ಅಂತ ತೋರಿಸಿದ್ರು.

ಬೂಟ್, ಪೈಪ್, ಓ ರಿಂಗ್, ಮುಚ್ಚಳದ ರಬ್ಬರ್, ಪ್ಲಗ್ ಹೊಸತು ಹಾಕಿ, ಕಾರ್ಬು ತೊಳೆದು, ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ತಿರುಗಿಸಿ ಸೆಟ್ ಮಾಡಿದ್ರು. ಮಜೂರಿ ಸೇರಿ ಸಾವಿರದ ನಾನೂರು ಆಯ್ತು. ಮತ್ತೆ ಸಾದಾ ಪೆಟ್ರೋಲೇ ಹಾಕಿ ಅವರನ್ನೇ ಹಿಂದೆ ಕೂರಿಸಿಕೊಂಡು ಚಡಾವಿಗೆ ಹೋದೆ, ಅವರು ಬೇಕೆಂದೇ ಟಾಪ್ ಗೇರಿನಲ್ಲಿ ಎಳೆಸ್ಲಿಕ್ಕೆ ಹೇಳಿದ್ರು. ಒಂದೆರಡು ಸಲ ಸಣ್ಣಗೆ ಕಿಣಿ ಅಂದದ್ದು ಬಿಟ್ರೆ ಇಲ್ಲ. ಥರ್ಡಿಗೆ ಹಾಕಿದ್ರೆ ಅದೂ ಇಲ್ಲ. ಮರುದಿನ ಮನೆಯವಳನ್ನು ಕೂರಿಸಿಕೊಂಡು ಪೆರ್ಲಕ್ಕೆ ಹೋದಾಗ ಉಕ್ಕಿನಡ್ಕ ದಾಟಿದ ಮೇಲೆ ಅವಳೇ ಕೇಳಿದ್ಲು, ಶಬ್ದ ಎಲ್ಲಿ ಹೋಯ್ತು ಅಂತ.

95 ನಿಲ್ಲಿಸಿದ್ದೇನೆ. ಅಪ್ಪನಿಗೆ ಆ ಬಿರುಕು ಬಿಟ್ಟ ಬೂಟ್ ತೋರಿಸಿದೆ, ಅದನ್ನು ತುಂಬ ಹೊತ್ತು ಕೈಯಲ್ಲಿ ಹಿಡ್ಕೊಂಡು, ಇದನ್ನು ನಾನು ಒಮ್ಮೆಯೂ ಬದಲಿಸಿರ್ಲಿಲ್ಲ ಅಂದ್ರು. ಮಾಷ್ಟ್ರೇ, ನಮ್ಮಲ್ಲಿಯ ಮದ್ದಿನ ಪಂಪಿನಲ್ಲೂ ಹಳೇ ಪೆಟ್ರೋಲ್ ಉಂಟು, ನಾಳೆ ಬೆಳಿಗ್ಗೆ ತೆಗೀತೇನೆ. ಅದನ್ನು ಬೈಕಿಗೆ ಹಾಕ್ಬಹುದಾ, ಬಿಸಾಡ್ಬೇಕಾ?

ನೀರ್ಚಾಲು ಮಾಷ್ಟ್ರು:

ಆಯಿಲ್ ಮಿಕ್ಸ್ ಮಾಡಿದ ಪೆಟ್ರೋಲ್ ಆದ್ರೆ ಬೈಕಿಗೆ ಬೇಡವೇ ಬೇಡ. ಮಿಕ್ಸ್ ಮಾಡದ್ದಾದ್ರೆ ಗಾಜಿನ ಬಾಟ್ಲಿಗೆ ಸುರಿದು ಅರ್ಧ ಗಂಟೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ಕೆಳಗೆ ಗೆರೆ ಕಂಡ್ರೆ ಪೂರ್ತಿ ಬಿಡಿ, ಮೇಲಿನದ್ದನ್ನೂ ಹಾಕ್ಬೇಡಿ. ಬಾವಿ ಹತ್ರ, ತೋಡಿನ ಹತ್ರ ಮಾತ್ರ ಚೆಲ್ಬೇಡಿ, ಗ್ಯಾರೇಜಿನವರಿಗೆ ಕೊಟ್ರೆ ಸಾಮಾನು ತೊಳಿಲಿಕ್ಕೆ ಆಗ್ತದೆ.

ಮುಳ್ಳೇರಿಯ ಗ್ಯಾರೇಜ್:

ಹೌದು, ತನ್ನಿ. ಸಾವಿರ ಕಿಲೋಮೀಟರ್ ಆದ ಮೇಲೆ ಒಮ್ಮೆ ಬಂದು ಪ್ಲಗ್ ತೋರಿಸಿ, ಬಣ್ಣ ನೋಡಿ ಜೆಟ್ ಒಂದು ಸೈಜ್ ದೊಡ್ಡದು ಬೇಕಾ ಅಂತ ಆಗ ಹೇಳ್ತೇನೆ.